ಫೋಟೊ ಬರುತ್ತದೆ, ವಿಡಿಯೊ ಮಾತ್ರ ನಿಲ್ಲುತ್ತದೆ

ಕ್ಯಾಮೆರಾದಲ್ಲಿ ವಿಡಿಯೊ ಬಟನ್ ಒತ್ತಿದರೆ ಕೆಂಪು ಚುಕ್ಕೆ ಬರುತ್ತದೆ. ಸೆಕೆಂಡಿನ ಲೆಕ್ಕ ಓಡಲು ಶುರುವಾಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡ್ ಆಗುವಷ್ಟರಲ್ಲಿ ಚುಕ್ಕೆ ಮಾಯ. ಚಿತ್ರೀಕರಣ ತಾನಾಗಿಯೇ ನಿಂತಿದೆ ಎಂದು ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ಹೋಗುತ್ತದೆ. ಯಾಕೆ ನಿಂತಿತು ಅಂತ ಮಾತ್ರ ಹೇಳುವುದಿಲ್ಲ.

ಫೋಟೊ ತೆಗೆದರೆ ಏನೂ ತೊಂದರೆ ಇಲ್ಲ. ಒಂದಾದ ಮೇಲೊಂದು ಚೆನ್ನಾಗಿಯೇ ಬರುತ್ತವೆ. ಹಾಗಾಗಿ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಫೋಟೊ ಬರ್ತದಲ್ಲ, ಕ್ಯಾಮೆರಾ ಸರಿ ಉಂಟು, ವಿಡಿಯೊಗೆ ಮೊಬೈಲ್ ಸಾಕು.

ನನಗೆ ಮೊಬೈಲ್ ಸಾಕಾಗುತ್ತಿರಲಿಲ್ಲ. ಮಾವ ಯಕ್ಷಗಾನದ ಮೇಳದಲ್ಲಿ ಕುಣಿದವರು. ಈಗ ತಿರುಗಾಟ ಬಿಟ್ಟಿದ್ದಾರೆ. ತಿರುಗಾಟ ಮುಗಿಯುವ ಪತ್ತನಾಜೆ ದಿನ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಮಕ್ಕಳಿಗೆ ನಮ್ಮ ಚಾವಡಿಯಲ್ಲೇ ಹೆಜ್ಜೆ ಹೇಳಿಕೊಡುತ್ತಾರೆ. ಬಾಯಿತಾಳ ಹೇಳುತ್ತಾ, ತಾವೇ ಎದ್ದು ನಿಂತು ಕಾಲು ಇಟ್ಟು ತೋರಿಸುತ್ತಾರೆ. ಅವರ ಕಾಲು ನೆಲಕ್ಕೆ ತಾಗುವ ಹೊತ್ತು, ಸೊಂಟ ತಿರುಗುವ ಬಗೆ, ಕಣ್ಣು ಹೋಗುವ ಕಡೆ, ಇದೆಲ್ಲ ಪುಸ್ತಕದಲ್ಲಿ ಬರೆದಿಡಲು ಆಗುವುದಿಲ್ಲ. ಫೋಟೊದಲ್ಲಂತೂ ಬರುವುದೇ ಇಲ್ಲ. ಹೆಜ್ಜೆ ಅಂದರೆ ಎರಡು ನಿಲುವಿನ ನಡುವೆ ನಡೆಯುವುದು. ಒಂದು ತಾಳದ ಪಾಠ ಶುರುವಿನಿಂದ ಮುಕ್ತಾಯದ ಬಿಡ್ತಿಗೆಯವರೆಗೆ ಕಡಿಯದೆ ಬೇಕು. ಚಾವಡಿಯಲ್ಲಿ ಬೆಳಕು ಕಡಿಮೆ, ಮಳೆಗಾಲದ ಮಧ್ಯಾಹ್ನ ಬೇರೆ. ನಮ್ಮ ಮನೆಯ ಮೊಬೈಲಿನಲ್ಲಿ ತೆಗೆದರೆ ಮಾವನ ಪಾದ ಕಪ್ಪು ಮುದ್ದೆಯಾಗಿ ಕಾಣುತ್ತಿತ್ತು. ನಡುವೆ ಫೋನ್ ಬಂದರೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಒಂದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡದ್ದು. ಅಮೆರಿಕದಿಂದ ಊರಿಗೆ ಬಂದವರು ಯಾರೋ ಮಾರಿದ್ದು, ಕೈಯಿಂದ ಕೈಗೆ ದಾಟಿ ನಮ್ಮ ಪೇಟೆಗೆ ಬಂದಿತ್ತು. ಜೊತೆಗೆ ಚೀಲ, ಎರಡು ಬ್ಯಾಟರಿ, ಚಾರ್ಜರ್, 64 ಜಿಬಿಯ ಒಂದು ಎಸ್‌ಡಿ ಕಾರ್ಡ್. ಕಾರ್ಡಿನ ಮೇಲೆ ಎಲ್ಲ ಗುರುತೂ ಇತ್ತು: ದೊಡ್ಡ ಕಂಪನಿಯ ಹೆಸರು, ವೃತ್ತದೊಳಗೆ 10, ಫಳಫಳ ಬಣ್ಣ.

ಮೊದಲು ತೋರಿಸಿದ್ದು ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ. ಅವರು ಎರಡು ಸಲ ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗಿರಬೇಕು ಮೇಡಂ, ಬದಲಾಯಿಸಬೇಕಾದೀತು" ಎಂದರು. ಹೇಳಿದ ರೇಟು ಕ್ಯಾಮೆರಾಕ್ಕೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ನಾನು ವಾಪಸ್ ತಂದೆ. ಬೋರ್ಡ್ ಹೋದರೆ ಫೋಟೊ ಹೇಗೆ ಬರುತ್ತದೆ, ವಿಡಿಯೊ ಹದಿನೈದು ಸೆಕೆಂಡ್ ಆದರೂ ಹೇಗೆ ಓಡುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಕ್ಯಾಮೆರಾದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡುತ್ತಾ ಹೋದರೆ, ಯಾವುದರ ಮೇಲೆ ಅನುಮಾನ ಪಡಬೇಕಾಗಿಲ್ಲ ಎಂಬುದು ಗೊತ್ತಾಗುತ್ತದಲ್ವಾ. ಮನೆಯಲ್ಲಿ ಕೂತು ಅದನ್ನೇ ಮಾಡಿದೆ.

ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಒಂದು ಸಣ್ಣ ಲಾಕ್ ಇರುತ್ತದೆ. ಕೆಳಗೆ ಸರಿದಿದ್ದರೆ ಏನೂ ಬರೆಯಲು ಬಿಡುವುದಿಲ್ಲ. ಆ ಲಾಕಿಗೂ ಕಾರ್ಡಿನ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ. ಅದು ಬರೀ ಪ್ಲಾಸ್ಟಿಕ್ ತುಂಡು. ಕಾರ್ಡ್ ಹಾಕುವ ಗೂಡಿನೊಳಗೆ ಇರುವ ಸಣ್ಣ ಸ್ವಿಚ್ ಆ ತುಂಡು ಎಲ್ಲಿದೆ ಎಂದು ಮುಟ್ಟಿ ತಿಳಿದುಕೊಳ್ಳುತ್ತದೆ. ಆದರೆ ಲಾಕ್ ಆಗಿದ್ದರೆ ಫೋಟೊ ಕೂಡ ಬರುತ್ತಿರಲಿಲ್ಲ. ಹಾಗಾಗಿ ಅದಲ್ಲ.

ಬ್ಯಾಟರಿ ಇರಬಹುದೇ? ವಿಡಿಯೊ ತೆಗೆಯುವಾಗ ಸೆನ್ಸರೂ ಪರದೆಯೂ ಪೂರಾ ಹೊತ್ತು ಉರಿಯುತ್ತಲೇ ಇರುತ್ತವೆ, ಫೋಟೊಗಿಂತ ಕರೆಂಟ್ ಜಾಸ್ತಿ ಬೇಕು. ಸವೆದ ಬ್ಯಾಟರಿ ಫೋಟೊಗೆ ಸಾಕಾಗಿ ವಿಡಿಯೊಗೆ ಕೈಕೊಡುವುದು ಇದೆ. ಎರಡೂ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಹಾಕಿ ನೋಡಿದೆ. ಎರಡರಲ್ಲೂ ಅದೇ ಕತೆ.

ಬಿಸಿ? ಹೆಚ್ಚು ಹೊತ್ತು ವಿಡಿಯೊ ತೆಗೆದರೆ ಕ್ಯಾಮೆರಾ ಬಿಸಿಯಾಗಿ ತಾನೇ ನಿಲ್ಲುತ್ತದೆ. ಅದಕ್ಕೆ ಪರದೆಯಲ್ಲಿ ಬೇರೆಯೇ ಗುರುತು ಬರುತ್ತದೆ. ಇಲ್ಲಿ ಕ್ಯಾಮೆರಾ ಆಗಷ್ಟೇ ಚೀಲದಿಂದ ತೆಗೆದದ್ದು, ಹೊರಗೆ ಧೋ ಎಂದು ಮಳೆ.

ತೇವದ ಮೇಲೆ ನನಗೆ ನಿಜವಾಗಿ ಅನುಮಾನ ಇತ್ತು. ನಮ್ಮ ಕರಾವಳಿಯ ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಸೀರೆಗೇ ಬೂಸ್ಟು ಬರುತ್ತದೆ, ಲೆನ್ಸಿಗೆ ಬರದೆ ಇರುತ್ತದೆಯೇ. ಕಾರ್ಡಿನ ಹಿಂದಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದೆ. ಕೆಲವರು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುತ್ತಾರೆ. ನನಗೆ ಅದು ಇಷ್ಟವಿಲ್ಲ. ರಬ್ಬರಿನ ಪುಡಿ ಗೂಡಿನೊಳಗೆ ಹೋದರೆ ತೆಗೆಯುವುದು ಕಷ್ಟ, ಜೋರಾಗಿ ಉಜ್ಜಿದರೆ ಮೇಲಿನ ತೆಳು ಲೇಪವೂ ಹೋಗುತ್ತದೆ. ಒರೆಸಿ ಒಣಗಿಸಿ ಹಾಕಿದರೂ ಏನೂ ಬದಲಾಗಲಿಲ್ಲ.

ಆಮೇಲೆ ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆ. ಈ ಕ್ಯಾಮೆರಾದಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಎಂದು ಒಂದು ಟಿಕ್ ಹಾಕುವ ಜಾಗ ಇದೆ. ಮಾಮೂಲಿ ಫಾರ್ಮ್ಯಾಟ್ ಅಂದರೆ ಕಡತಗಳ ಪಟ್ಟಿಯನ್ನು ಅಳಿಸುವುದು ಅಷ್ಟೇ. ಇದು ಬರೆಯುವ ಜಾಗವನ್ನೇ ಪೂರ್ತಿ ಖಾಲಿ ಮಾಡುತ್ತದೆ. ತುಂಬ ಸಲ ಬರೆದು ಅಳಿಸಿ ನಿಧಾನವಾದ ಕಾರ್ಡ್ ಇದರಿಂದ ಚುರುಕಾಗುವುದುಂಟು. ಮಾಡಿದೆ. ಮಾವ ಚಾವಡಿಯಿಂದ "ಆಯ್ತಾ ಮಗಾ?" ಎಂದು ಕೇಳಿದರು. ಮಕ್ಕಳು ಗೆಜ್ಜೆ ಕಟ್ಟಿ ಕಾಯುತ್ತಿದ್ದರು. ಒತ್ತಿದೆ. ಮತ್ತೆ ನಿಂತಿತು.

ದಾರಿ ಸಿಕ್ಕಿದ್ದು ಗಾತ್ರ ಕಡಿಮೆ ಮಾಡಿದಾಗ. ಮೆನುವಿನಲ್ಲಿ ವಿಡಿಯೊದ ಅಳತೆ 1920×1080 ಇತ್ತು. ಅದನ್ನು 640×480ಕ್ಕೆ ಇಳಿಸಿ ಬಟನ್ ಒತ್ತಿದೆ. ಒಂದು ನಿಮಿಷ ಆಯಿತು, ಎರಡಾಯಿತು, ಐದಾಯಿತು. ನಿಲ್ಲಲೇ ಇಲ್ಲ. ನಾನೇ ನಿಲ್ಲಿಸಿದೆ. ಅಂದರೆ ಬೋರ್ಡ್ ಹೋಗಿಲ್ಲ, ಬಟನ್ ಹೋಗಿಲ್ಲ, ಸೆನ್ಸರ್ ಸರಿ ಇದೆ. ವಿಡಿಯೊ ತೆಗೆಯುವುದು ಕ್ಯಾಮೆರಾಕ್ಕೆ ಬರುತ್ತದೆ. ಚಿತ್ರ ದೊಡ್ಡದಾದಾಗ ಮಾತ್ರ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ.

ಮತ್ತೆ 1920×1080ಕ್ಕೆ ಹಾಕಿ, ಈ ಸಲ ಮಾವನನ್ನು ನೋಡದೆ ಪರದೆಯ ಬಲ ಅಂಚನ್ನೇ ನೋಡುತ್ತಾ ಕೂತೆ. ಕೆಂಪು ಚುಕ್ಕೆ ಬಂದ ಸ್ವಲ್ಪ ಹೊತ್ತಿಗೆ ಅಲ್ಲಿ ಒಂದು ಸಣ್ಣ ಕಂಬ ಮೂಡಿತು. ಐದು ಮನೆಗಳ ಕಂಬ. ಕೆಳಗಿನ ಮನೆ ತುಂಬಿತು, ಅದರ ಮೇಲಿನದು, ಮತ್ತೊಂದು. ಐದನೆಯದು ತುಂಬಿದ ಕೂಡಲೇ ವಿಡಿಯೊ ನಿಂತಿತು. ಇಷ್ಟು ದಿನ ಎಲ್ಲರೂ ನಡುವಿನ ಚಿತ್ರ ನೋಡುತ್ತಿದ್ದೆವು, ಕ್ಯಾಮೆರಾ ಅಂಚಿನಲ್ಲಿ ಕಾರಣ ತೋರಿಸುತ್ತಿತ್ತು. ಕೈಪಿಡಿ ಹುಡುಕಿ ತೆಗೆದು ಓದಿದೆ. ಕಾರ್ಡಿಗೆ ಇನ್ನೂ ಬರೆದು ಮುಗಿಯದೆ ಬಾಕಿ ಇರುವ ಮಾಹಿತಿ ಎಷ್ಟು ಎಂದು ತೋರಿಸುವ ಕಂಬ ಅದು. ಕಾರ್ಡ್ ನಿಧಾನ ಇದ್ದಷ್ಟೂ ಬೇಗ ಏರುತ್ತದೆ. ತುಂಬಿದರೆ ಚಿತ್ರೀಕರಣ ನಿಲ್ಲುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಫೋಟೊಗೂ ವಿಡಿಯೊಗೂ ವ್ಯತ್ಯಾಸ ಇರುವುದು ಇಲ್ಲೇ.

ಕ್ಯಾಮೆರಾ ಚಿತ್ರವನ್ನು ನೇರ ಕಾರ್ಡಿಗೆ ಬರೆಯುವುದಿಲ್ಲ. ಮೊದಲು ಒಳಗಿನ ಬಫರ್ ಎಂಬ ಚುರುಕಾದ ನೆನಪಿನಲ್ಲಿ ಇಟ್ಟುಕೊಂಡು, ಅಲ್ಲಿಂದ ಕಾರ್ಡಿಗೆ ಸಾಗಿಸುತ್ತದೆ. ಒಂದು ಫೋಟೊ ತೆಗೆದರೆ ಐದಾರು ಎಂಬಿ. ಅದು ಕಾರ್ಡಿಗೆ ಹೋಗಲು ಎರಡು ಸೆಕೆಂಡ್ ತಗೊಂಡರೂ ನಮಗೆ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ನಾವು ಮುಂದಿನ ಫೋಟೊಗೆ ನೋಡುತ್ತಿರುತ್ತೇವೆ. ವಿಡಿಯೊ ಹಾಗಲ್ಲ, ಅದಕ್ಕೆ ಬಿಡುವೇ ಇಲ್ಲ. ಈ ಕ್ಯಾಮೆರಾದ ಕೈಪಿಡಿ ಪ್ರಕಾರ ಫುಲ್ ಎಚ್‌ಡಿ, ಅಂದರೆ 1920×1080ರ ವಿಡಿಯೊಗೆ ನಿಮಿಷಕ್ಕೆ ಸುಮಾರು 330 ಎಂಬಿ ಬೇಕು. 60ರಿಂದ ಭಾಗಿಸಿದರೆ ಸೆಕೆಂಡಿಗೆ 5.5 ಎಂಬಿ. 640×480 ಆದರೆ ನಿಮಿಷಕ್ಕೆ 82.5 ಎಂಬಿ, ಸೆಕೆಂಡಿಗೆ ಒಂದೂವರೆಗಿಂತ ಕಮ್ಮಿ. ಜೋರು ಮಳೆಗೆ ಮಾಡಿನ ನೀರೆಲ್ಲ ಅಂಗಳಕ್ಕೆ ಬೀಳುತ್ತದೆ, ತೋಡಿಗೆ ಹೋಗುವ ಕಣಿ ಕಿರಿದಾಗಿದ್ದರೆ ಅಂಗಳ ತುಂಬುತ್ತದೆ. ಇಲ್ಲಿ ಆಗುತ್ತಿದ್ದದ್ದೂ ಅದೇ.

ಕಾರ್ಡಿನ ಮೇಲೆ ವೃತ್ತದೊಳಗೆ ಬರೆಯುವ ಅಂಕೆ ಇದಕ್ಕೇ ಇರುವುದು. ಕ್ಲಾಸ್ 4 ಅಂದರೆ ಸೆಕೆಂಡಿಗೆ ಕನಿಷ್ಠ 4 ಎಂಬಿಯನ್ನು ಸತತವಾಗಿ ಬರೆಯಬಲ್ಲದು, 6 ಅಂದರೆ 6 ಎಂಬಿ, 10 ಅಂದರೆ 10 ಎಂಬಿ. ಆಮೇಲೆ ಬಂದ ಕಾರ್ಡುಗಳಲ್ಲಿ ಇಂಗ್ಲಿಷಿನ ಯು ಅಕ್ಷರದೊಳಗೆ 1 ಇದ್ದರೆ 10 ಎಂಬಿ, 3 ಇದ್ದರೆ 30 ಎಂಬಿ. ವಿ30, ವಿ60, ವಿ90 ಎಂದಿದ್ದರೆ ಆ ಅಂಕೆಯೇ ಸೆಕೆಂಡಿನ ಲೆಕ್ಕ. ಕಾರ್ಡಿನ ಮೇಲೆ ದೊಡ್ಡದಾಗಿ 80, 100 ಎಂದು ಅಚ್ಚು ಹಾಕಿರುತ್ತಾರಲ್ಲ, ಅದು ಹೆಚ್ಚಾಗಿ ಓದುವ ವೇಗ. ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವಾಗ ಅದು ಒಳ್ಳೆಯದೇ. ವಿಡಿಯೊ ತೆಗೆಯುವಾಗ ಅದರಿಂದ ಉಪಯೋಗ ಇಲ್ಲ.

ನಮ್ಮ ಕ್ಯಾಮೆರಾಕ್ಕೆ ಕ್ಲಾಸ್ 6 ಅಥವಾ ಅದಕ್ಕಿಂತ ವೇಗದ್ದು ಬೇಕು ಎಂದು ಕೈಪಿಡಿ ಹೇಳುತ್ತದೆ. ಕಾರ್ಡಿನ ಮೇಲೆ ಇದ್ದದ್ದು 10. ಹಾಗಾದರೆ ತುಂಬಬಾರದಿತ್ತು.

ನಮ್ಮ ಪಕ್ಕದ ಬೈಲಿನ ಹುಡುಗನೊಬ್ಬ ಮದುವೆ ವಿಡಿಯೊ ಮಾಡುತ್ತಾನೆ. ಆಷಾಢದಲ್ಲಿ ಅವನಿಗೂ ಕೆಲಸ ಕಮ್ಮಿ. ಫೋನ್ ಮಾಡಿದೆ, ಸಂಜೆ ಕೊಡೆ ಹಿಡಿದುಕೊಂಡು ಬಂದ.

"ಎಂತ ಆಯ್ತು ಅಕ್ಕ?"

"ಕಾರ್ಡಿಗೆ ಬರೆಯುವುದೇ ನಿಧಾನ ಅಂತ ಕಾಣ್ತದೆ ಮಾರಾಯ. ಆದ್ರೆ ಕ್ಲಾಸ್ 10 ಅಂತ ಉಂಟಲ್ಲ?"

ಅವನು ಕಾರ್ಡ್ ತಿರುಗಿಸಿ ನೋಡಿದ. ಉಗುರಿನಿಂದ ಅಂಚು ಸವರಿದ. "ಬರೆದದ್ದು ಯಾರು ಬೇಕಾದ್ರೂ ಬರೀಬಹುದು ಅಕ್ಕ. ಮೊದಲು ನನ್ನದು ಹಾಕಿ ನೋಡುವ" ಎಂದು ತನ್ನ ಚೀಲದಿಂದ 32 ಜಿಬಿಯ ಕಾರ್ಡ್ ತೆಗೆದು ಕೊಟ್ಟ. ಬೇರೆ ಏನನ್ನೂ ಮುಟ್ಟಬೇಡಿ, ಸೆಟ್ಟಿಂಗ್ ಎಲ್ಲ ಇದ್ದ ಹಾಗೇ ಇರಲಿ, ಕಾರ್ಡ್ ಒಂದೇ ಬದಲಾಗಲಿ ಎಂದ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲವಂತೆ. ಅವನ ಕೆಲಸದ ಈ ಶಿಸ್ತು ನನಗೆ ತುಂಬ ಹಿಡಿಸಿತು.

ಹಾಕಿದೆವು. ಕಂಬ ಮೂಡಲೇ ಇಲ್ಲ. ಮಾವ ಏಕತಾಳದ ಹೆಜ್ಜೆಯನ್ನು ನಿಧಾನಗತಿಯಿಂದ ಹಿಡಿದು ಜೋರಿನವರೆಗೂ ಕುಣಿದರು. ಕಡೆಗೆ ಬಾಯಿತಾಳ ಹೇಳಿ ಕೈ ಎತ್ತಿ ನಿಂತರು. ಪೂರ್ತಿ ಬಂದಿತ್ತು.

ಕ್ಯಾಮೆರಾದ ತಪ್ಪಲ್ಲ ಎಂದು ಗೊತ್ತಾಯಿತು. ಆದರೂ ಆ 64 ಜಿಬಿ ಕಾರ್ಡ್ ಏನು ಎಂದು ತಿಳಿಯದೆ ಬಿಡಬಾರದು ಎನಿಸಿತು. ನಾಳೆ ಅದರಲ್ಲಿ ಫೋಟೊ ತೆಗೆದು ಕಳೆದುಕೊಂಡರೆ? ಹುಡುಗ ಒಂದು ಉಚಿತ ತಂತ್ರಾಂಶದ ಹೆಸರು ಹೇಳಿದ: ಎಚ್2ಟೆಸ್ಟ್‌ಡಬ್ಲ್ಯೂ. ವಿಂಡೋಸ್‌ನಲ್ಲಿ ಓಡುತ್ತದೆ, ಜರ್ಮನಿಯಿಂದ ಬಂದದ್ದು. ತೆರೆದ ಕೂಡಲೇ ಜರ್ಮನ್ ಭಾಷೆ ಕಂಡು ಗಾಬರಿಯಾಗಬೇಕಿಲ್ಲ, ಮೇಲೆಯೇ ಇಂಗ್ಲಿಷ್ ಆಯ್ಕೆ ಇದೆ. ಲಿನಕ್ಸ್ ಮತ್ತು ಮ್ಯಾಕ್ ಇದ್ದವರಿಗೆ ಎಫ್3 ಎಂದು ಇನ್ನೊಂದಿದೆ. ಇವು ಮಾಡುವ ಕೆಲಸ ಸರಳ. ಕಾರ್ಡಿನ ಖಾಲಿ ಜಾಗದ ತುಂಬಾ 1 ಜಿಬಿಯ ಕಡತಗಳನ್ನು ಬರೆಯುತ್ತವೆ. ಅದರಲ್ಲಿ ಏನು ಬರೆದಿದೆ ಎಂದು ತಂತ್ರಾಂಶಕ್ಕೆ ಮೊದಲೇ ಗೊತ್ತು. ಬರೆದು ಮುಗಿದ ಮೇಲೆ ಎಲ್ಲವನ್ನೂ ವಾಪಸ್ ಓದಿ ಹೋಲಿಸುತ್ತವೆ. ಬರೆದದ್ದೇ ಓದಲು ಸಿಕ್ಕರೆ ಕಾರ್ಡ್ ಸರಿ.

ಇದಕ್ಕೆ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 3 ಎಂಬಿಯಂತೆ 64 ಜಿಬಿ ಬರೆಯಲು ಆರು ಗಂಟೆ ಹತ್ತಿರ. ರಾತ್ರಿ ಊಟ ಆದ ಮೇಲೆ ಹಚ್ಚಿಟ್ಟೆ. ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಪುಣ್ಯಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿ ತಡೆಯಿತು. ಬೆಳಿಗ್ಗೆ ನೋಡಿದರೆ ಪರದೆಯಲ್ಲಿ ಆ ತಂತ್ರಾಂಶದ ಕಿಟಕಿ ಕೆಂಪಾಗಿತ್ತು. 64ರಲ್ಲಿ ಸುಮಾರು ಏಳೂವರೆ ಜಿಬಿ ಮಾತ್ರ ಸರಿ. ಉಳಿದ ಅಷ್ಟೂ ಕಳೆದುಹೋಗಿದೆ. ಬರೆಯುವ ವೇಗ ಸೆಕೆಂಡಿಗೆ 3 ಎಂಬಿಯ ಆಸುಪಾಸು.

8 ಜಿಬಿಯ ನಿಧಾನದ ಕಾರ್ಡಿಗೆ 64 ಜಿಬಿಯ ವೇಷ ಕಟ್ಟಿದ್ದರು.

ಇದು ಹೇಗೆ ಸಾಧ್ಯ ಅಂದರೆ, ಪ್ರತಿ ಕಾರ್ಡಿನ ಒಳಗೆ ಎರಡು ಭಾಗ ಇರುತ್ತವೆ. ಮಾಹಿತಿ ಉಳಿಸಿಕೊಳ್ಳುವ ಫ್ಲ್ಯಾಶ್ ಚಿಪ್ ಒಂದು. ಎಲ್ಲಿ ಏನು ಬರೆಯಬೇಕು ಎಂದು ನೋಡಿಕೊಳ್ಳುವ ಕಂಟ್ರೋಲರ್ ಇನ್ನೊಂದು. ಕ್ಯಾಮೆರಾ ಆಗಲಿ ಕಂಪ್ಯೂಟರ್ ಆಗಲಿ, ನಿನ್ನಲ್ಲಿ ಎಷ್ಟು ಜಾಗ ಇದೆ ಎಂದು ಕೇಳುವುದು ಕಂಟ್ರೋಲರನ್ನೇ. ಅದಕ್ಕೆ 64 ಎಂದು ಹೇಳಲು ಕಲಿಸಿದರೆ ಮುಗಿಯಿತು, ಎಲ್ಲರೂ ನಂಬುತ್ತಾರೆ. ಫಾರ್ಮ್ಯಾಟ್ ಆಗುತ್ತದೆ, ಖಾಲಿ ಜಾಗ 60 ಚಿಲ್ಲರೆ ಎಂದೇ ತೋರಿಸುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಹಳೆಯದರ ಮೇಲೆ ಹೋಗಿ ಕೂರುತ್ತದೆ, ಇಲ್ಲವೇ ಎಲ್ಲಿಯೂ ಕೂರುವುದಿಲ್ಲ. ಕಡತದ ಹೆಸರು ಕಾಣುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಫೋಟೊ ಮಾತ್ರ ತೆಗೆಯುವವರು ಏಳೂವರೆ ಜಿಬಿ ದಾಟುವಷ್ಟರಲ್ಲಿ ಸಾವಿರಕ್ಕೂ ಮೇಲೆ ಫೋಟೊ ತೆಗೆದಿರುತ್ತಾರೆ. ಅಲ್ಲಿವರೆಗೂ ಮೋಸ ತಿಳಿಯುವುದೇ ಇಲ್ಲ. ಮಗುವಿನ ಹುಟ್ಟುಹಬ್ಬ, ಅಜ್ಜಿಯ ಕಡೇ ಫೋಟೊ, ಮನೆಯ ಒಕ್ಕಲು, ಯಾವುದು ಆ ಗಡಿಯ ಆಚೆಗೆ ಬೀಳುತ್ತದೋ ಯಾರಿಗೆ ಗೊತ್ತು. ಇಂಥ ಕಾರ್ಡ್ ಮಾಡಿ ಮಾರುವುದು ಬರೀ ದುಡ್ಡಿನ ಮೋಸ ಅಂತ ನನಗೆ ಅನಿಸುವುದಿಲ್ಲ. ಜನ ಮತ್ತೆ ತೆಗೆಯಲಾಗದ್ದನ್ನು ನಂಬಿ ಕೊಟ್ಟಿರುತ್ತಾರೆ. ಅದನ್ನು ಕಸಿದುಕೊಂಡ ಹಾಗೆ. ನನಗೆ ನಿಜವಾಗಿ ಸಿಟ್ಟು ಬಂತು.

ನಮಗೆ ಮಾರಿದವರಿಗೆ ಆ ಕೆಂಪು ಕಿಟಕಿಯ ಚಿತ್ರ ಕಳಿಸಿದೆ. ಅವರಿಗೂ ಗೊತ್ತಿರಲಿಲ್ಲ, ಅವರೂ ಇನ್ನೊಬ್ಬರಿಂದ ತಗೊಂಡದ್ದು. ಬೇಜಾರು ಮಾಡಿಕೊಂಡು ಕಾರ್ಡಿನ ದುಡ್ಡು ವಾಪಸ್ ಹಾಕಿದರು. ಆ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದೆ. ಇನ್ಯಾರದೋ ಕೈಗೆ ಹೋಗುವುದು ಬೇಡ.

ಹೊಸ 32 ಜಿಬಿ ಕಾರ್ಡ್ ಬಿಲ್ ಸಮೇತ ತಂದೆ. ತಂದ ದಿನವೇ, ಒಂದೂ ಫೋಟೊ ತೆಗೆಯುವ ಮೊದಲು, ಅದೇ ಪರೀಕ್ಷೆಗೆ ಹಾಕಿದೆ. ಪಾಸಾಯಿತು. ಪರೀಕ್ಷೆಯ ಕಡತಗಳನ್ನು ಅಳಿಸಿ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದೆ.

ವಿಡಿಯೊ ನಿಲ್ಲದೆ ಬರಲು ಶುರುವಾದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಚಿತ್ರದ ಮೇಲೆ ಮಬ್ಬು ಪಟ್ಟಿಗಳು ಅಲೆ ಅಲೆಯಾಗಿ ಇಳಿಯುತ್ತಿದ್ದವು. ಇದು ಕ್ಯಾಮೆರಾ ಅಮೆರಿಕದಿಂದ ಬಂದದ್ದರ ಫಲ. ಅಲ್ಲಿನ ಕರೆಂಟ್ 60 ಹರ್ಟ್ಜ್, ನಮ್ಮದು 50. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಇಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾದಲ್ಲಿ ಅಮೆರಿಕದ ವಿಡಿಯೊ ಪದ್ಧತಿ ಎನ್‌ಟಿಎಸ್‌ಸಿ ಎಂದು ಇತ್ತು, ಸೆಕೆಂಡಿಗೆ 30 ಚಿತ್ರ. ಎರಡಕ್ಕೂ ತಾಳ ಕೂಡುತ್ತಿರಲಿಲ್ಲ. ಮೆನುವಿನಲ್ಲಿ ನಮ್ಮ ಕಡೆಯ ಪದ್ಧತಿಯಾದ ಪಾಲ್‌ಗೆ ಬದಲಾಯಿಸಿದರೆ 25 ಚಿತ್ರ ಆಗುತ್ತದೆ. ಶಟರ್ ವೇಗವನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತನ್ನು, 1/50 ಸೆಕೆಂಡಿಗೆ ಇಟ್ಟೆ. ಪಟ್ಟಿ ಹೋಯಿತು. ಮಂಡಿ ತಿರುಗುವಂಥ ಜೋರಿನ ಕುಣಿತದಲ್ಲಿ ಕಾಲು ಸ್ವಲ್ಪ ಮಸುಕಾಗುತ್ತದೆ ನಿಜ. ಅಂಥ ಪಾಠಗಳನ್ನು ಮಳೆ ಬಿಟ್ಟ ಹೊತ್ತಿನಲ್ಲಿ ಅಂಗಳದ ಬೆಳಕಿಗೆ ಇಟ್ಟುಕೊಂಡಿದ್ದೇವೆ, ಅಲ್ಲಿ ಶಟರ್ ಏರಿಸಬಹುದು.

ಇನ್ನು ಒಂದು ನಿಲುಗಡೆ ಇದೆ, ಅದನ್ನು ರಿಪೇರಿ ಮಾಡುವ ಹಾಗಿಲ್ಲ. 29 ನಿಮಿಷ 59 ಸೆಕೆಂಡಿಗೆ ಕ್ಯಾಮೆರಾ ತಾನೇ ನಿಲ್ಲುತ್ತದೆ. ಆ ಕಾಲದ ಬಹಳಷ್ಟು ಕ್ಯಾಮೆರಾಗಳಲ್ಲಿ ಹೀಗೇ. ಯುರೋಪಿನ ಸುಂಕದ ಲೆಕ್ಕದಲ್ಲಿ 30 ನಿಮಿಷ ಒಂದೇ ಸಮ ವಿಡಿಯೊ ತೆಗೆಯುವುದು ವಿಡಿಯೊ ಕ್ಯಾಮೆರಾ ಆಗುತ್ತಿತ್ತು, ಅದಕ್ಕೆ ಆಗ ಸುಂಕ ಜಾಸ್ತಿ ಇತ್ತು. ಅದಕ್ಕೆ ಒಂದು ಸೆಕೆಂಡ್ ಮೊದಲೇ ನಿಲ್ಲಿಸುವಂತೆ ಮಾಡಿದರು. ನಮ್ಮಂಥವರು ಇಲ್ಲಿ ಕೂತು ಅದನ್ನು ಅನುಭವಿಸಬೇಕು. ಜೊತೆಗೆ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಸುಮಾರು ಹನ್ನೆರಡು ನಿಮಿಷಕ್ಕೆ ಕ್ಯಾಮೆರಾ ತಾನೇ ಹೊಸ ಕಡತ ಶುರು ಮಾಡುತ್ತದೆ. ಚಿತ್ರೀಕರಣ ನಿಲ್ಲುವುದಿಲ್ಲ, ಮತ್ತೆ ಕಂಪ್ಯೂಟರಿನಲ್ಲಿ ಜೋಡಿಸಿಕೊಂಡರೆ ಆಯಿತು. ಮೊದಲ ಸಲ ಎರಡು ಕಡತ ಕಂಡರೆ ಅರ್ಧಕ್ಕೆ ನಿಂತಿತು ಎಂದುಕೊಳ್ಳಬೇಡಿ.

ನಿಮ್ಮ ಕ್ಯಾಮೆರಾದಲ್ಲೂ ಫೋಟೊ ಬಂದು ವಿಡಿಯೊ ನಿಲ್ಲುತ್ತಿದ್ದರೆ, ಅಂಗಡಿಗೆ ಹೋಗುವ ಮೊದಲು ಗಾತ್ರ ಇಳಿಸಿ ಒಮ್ಮೆ ತೆಗೆದು ನೋಡಿ. ಸಣ್ಣ ಗಾತ್ರದಲ್ಲಿ ಸಲೀಸಾಗಿ ಓಡಿದರೆ ನಂಬಿಕೆಯ ಒಬ್ಬರ ಕಾರ್ಡ್ ಕೇಳಿ ಹಾಕಿ. ಸಣ್ಣ ಗಾತ್ರದಲ್ಲೂ ನಿಂತರೆ ಬ್ಯಾಟರಿ, ಬಿಸಿ, ಕೊನೆಗೆ ಬೋರ್ಡ್ ಎಂದು ಯೋಚಿಸಬಹುದು. ಕ್ಯಾಮೆರಾ 4ಕೆ, ಅಂದರೆ ಫುಲ್ ಎಚ್‌ಡಿಗಿಂತಲೂ ದೊಡ್ಡ ಗಾತ್ರದ ವಿಡಿಯೊ ತೆಗೆಯುವಂಥದ್ದಾದರೆ ಕ್ಲಾಸ್ 10 ಕೂಡ ಸಾಲದಿರಬಹುದು, ಅದರ ಕೈಪಿಡಿಯಲ್ಲಿ ಯಾವ ಕಾರ್ಡ್ ಹೇಳಿದ್ದಾರೆ ನೋಡಿ.

ನಮ್ಮಲ್ಲಿ ಏಕತಾಳ, ತ್ರಿವುಡೆ ಎರಡೂ ಪೂರ್ತಿ ಆದವು. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟ ಮೇಲೆಯೇ ಕಾರ್ಡ್ ಅಳಿಸುತ್ತೇನೆ. ಮುಂದಿನ ಭಾನುವಾರ ಝಂಪೆ ತಾಳ. ಅದಕ್ಕೆ ಮಾವ ಮದ್ದಳೆಯವರನ್ನೂ ಬರಹೇಳಿದ್ದಾರೆ. ಹಾಗಾಗಿ ಈಗ ಹೊರಗಿನ ಮೈಕ್ ಹುಡುಕುತ್ತಿದ್ದೇನೆ.